ಮಗ್ಗದ ಗುಂಡಿಗೆ ಇಳಿಯುವವರು

ಚೆನ್ನೈಗೆ ಹೋದ ಕನ್ನಡಿಗರು ಸೀರೆ ಕೊಳ್ಳಲು ಟಿ. ನಗರಕ್ಕೆ ಓಡುತ್ತಾರೆ. ಚಿಂತಾದ್ರಿಪೇಟೆಗೆ ಹೋಗಬೇಕೆಂದರೆ ಆಟೋದವರೇ ‘ಅಲ್ಲೇನಿದೆ ಸಾರ್?’ ಎಂದು ಕೇಳಿಯಾರು. ಸೆಂಟ್ರಲ್ ರೈಲು ನಿಲ್ದಾಣದಿಂದ ಹೆಚ್ಚು ದೂರವಿಲ್ಲ. ಕೂವಂ ನದಿಯ ತಿರುವಿನಲ್ಲಿ ಸಿಕ್ಕಿಕೊಂಡ ಇಕ್ಕಟ್ಟು ಬೀದಿಗಳು, ಬೆಳಗಿನ ಮೀನು ಮಾರುಕಟ್ಟೆಯ ಗದ್ದಲ, ಶಿವನಿಗೂ ವಿಷ್ಣುವಿಗೂ ಒತ್ತಿನಲ್ಲೇ ಕಟ್ಟಿದ ಜೋಡಿ ಗುಡಿಗಳು, ತಲೆಯ ಮೇಲೆ ಗಡಗಡ ಎನ್ನುತ್ತಾ ಹಾಯುವ ಲೋಕಲ್ ರೈಲು. ಎಷ್ಟು ಸುತ್ತಿದರೂ ಮಗ್ಗದ ಸದ್ದು ಮಾತ್ರ ಕೇಳಿಸದು. ಈ ಪೇಟೆ ಹುಟ್ಟಿದ್ದೇ ಮಗ್ಗಕ್ಕಾಗಿ ಎಂದರೆ ಅಲ್ಲಿನವರೇ ನಂಬುವುದು ಕಷ್ಟ.

1734ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಗವರ್ನರ್ ಆಗಿದ್ದವನು ಜಾರ್ಜ್ ಮಾರ್ಟನ್ ಪಿಟ್. ಕಂಪನಿಗೆ ಬಟ್ಟೆ ಸಾಲದಾಗಿತ್ತು. ಹಿಂದೆ ಕಂಪನಿಯ ಮುಖ್ಯ ವರ್ತಕನಾಗಿದ್ದ ಸುಂಕುರಾಮನ ತೋಟ ಈ ನದಿ ತಿರುವಿನಲ್ಲಿತ್ತು. ಅದನ್ನು ವಶಕ್ಕೆ ತೆಗೆದುಕೊಂಡ ಕಂಪನಿ ನೇಕಾರರ ಊರೊಂದನ್ನು ಕಟ್ಟಲು ಹೊರಟಿತು. ಬನ್ನಿ, ಜಾಗ ಕೊಡುತ್ತೇವೆ, ಮನೆ ಕಟ್ಟಿಕೊಳ್ಳಲು ನೆರವಾಗುತ್ತೇವೆ, ನೇಯ್ದುಕೊಂಡಿರಿ ಎಂಬ ಕರೆ ಸುತ್ತಲಿನ ಸೀಮೆಗೆಲ್ಲ ಹೋಯಿತು. ಕರೆಯೇನೋ ಉದಾರವಾಗಿತ್ತು, ಆದರೆ ಎಲ್ಲರಿಗೂ ಅಲ್ಲ. ನೂಲುವವರು, ನೇಯುವವರು, ಬಟ್ಟೆಗೆ ಚಿತ್ರ ಬರೆಯುವವರು, ಅಗಸರು, ಬಣ್ಣಗಾರರು, ಇವರ ಜೊತೆಗೆ ಗುಡಿಗೆ ಬೇಕಾದ ಬ್ರಾಹ್ಮಣರು, ನರ್ತಕಿಯರು ಮತ್ತು ಪರಿಚಾರಕರು. ಇವರನ್ನು ಬಿಟ್ಟು ಬೇರೆಯವರಿಗೆ ಅಲ್ಲಿ ವಾಸಕ್ಕೆ ಅವಕಾಶವಿಲ್ಲ ಎಂದು ಕಂಪನಿಯ ದಫ್ತರದಲ್ಲೇ ಬರೆಯಿಸಿದ್ದರು.

ಮದ್ರಾಸಿನ ಚರಿತ್ರೆಯೇ ಹೀಗೆ ಬಟ್ಟೆಯ ಬೆನ್ನು ಹತ್ತಿದ್ದು. 1639ರಲ್ಲಿ ಕಂಪನಿಯ ಫ್ರಾನ್ಸಿಸ್ ಡೇ ಈ ಮರಳು ದಂಡೆಯನ್ನು ಸ್ಥಳೀಯ ನಾಯಕ ಅರಸರಿಂದ ಪಡೆದುಕೊಂಡಾಗ ಇಲ್ಲಿ ಬಂದರಿರಲಿಲ್ಲ, ಹಡಗು ನಿಲ್ಲಿಸಲು ನೆಟ್ಟಗಿನ ಜಾಗವೂ ಇರಲಿಲ್ಲ. ಆಸುಪಾಸಿನಲ್ಲಿ ಒಳ್ಳೆಯ ಬಟ್ಟೆ ಅಗ್ಗಕ್ಕೆ ಸಿಗುತ್ತಿತ್ತು, ಅಷ್ಟೇ ಅವನಿಗೆ ಬೇಕಾಗಿದ್ದು. ಚಿಂತಾದ್ರಿಪೇಟೆಗಿಂತ ಮೊದಲೇ ಗವರ್ನರ್ ಜೋಸೆಫ್ ಕಾಲೆಟ್ ತಿರುವೊಟ್ರಿಯೂರಿನ ಹತ್ತಿರ ನೇಕಾರರನ್ನು ಕೂರಿಸಿದ್ದ. ಅವನ ಹೆಸರು ಜನರ ಬಾಯಲ್ಲಿ ಸವೆದು ಕಾಲಾಡಿಪೇಟೆಯಾಗಿ, ಈಗ ಮೆಟ್ರೊ ನಿಲ್ದಾಣದ ಹಲಗೆಯ ಮೇಲೆ ಕೂತಿದೆ. ನೇಯ್ದ ಬಟ್ಟೆ ಒಗೆದು ಬಿಳುಪು ಮಾಡಿದವರ ನೆನಪಿಗೆ ವಾಷರ್‌ಮನ್‌ಪೇಟೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಎಲಿಹು ಯೇಲ್ ಕೂಡ ಇಲ್ಲಿ ಗವರ್ನರ್ ಆಗಿದ್ದವನೇ. 1718ರಲ್ಲಿ ಅವನು ಆ ಕಾಲೇಜಿಗೆ ಕಳಿಸಿದ ದಾನದಲ್ಲಿ ಒಂಬತ್ತು ಗಂಟು ಸರಕಿತ್ತು, ಮಾರಿದಾಗ 562 ಪೌಂಡು ಬಂತು. ಆ ಗಂಟುಗಳಲ್ಲಿ ಬಟ್ಟೆಯೂ ಇತ್ತು. ನೇಯ್ದವರ ಹೆಸರು ಯಾವ ಕಟ್ಟಡದ ಮೇಲೂ ಇಲ್ಲ.

ನೇಯುವ ಜಾತಿಯವರನ್ನೇ ಹುಡುಕಿ ಕರೆದ ಈ ನಗರದಲ್ಲಿ, ಮೂರು ಶತಮಾನ ಕಳೆಯುವ ಹೊತ್ತಿಗೆ ಮಗ್ಗದ ಮುಂದೆ ಯಾರು ಬೇಕಾದರೂ ಬಂದು ಕೂರಿ ಎಂದು ಕರೆಯುವವರು ಹುಟ್ಟಿಕೊಂಡಿದ್ದಾರೆ. ಎರಡೂ ಕರೆಗಳ ನಡುವಿನ ದಾರಿಯನ್ನು ಬೇಕಿದ್ದರೆ ಒಂದು ದಿನದಲ್ಲಿ ಬಸ್ಸಿನಲ್ಲೇ ಸುತ್ತಿ ಬರಬಹುದು.

ವಿಮಾನ ನಿಲ್ದಾಣದ ಆಚೆ, ಪಲ್ಲಾವರಂ ದಾಟಿ, ಅಡ್ಯಾರ್ ನದಿಯ ದಡದಲ್ಲಿ ಅನಕಾಪುತ್ತೂರು ಇದೆ. ಒಂದು ಕಾಲಕ್ಕೆ ಇಲ್ಲಿನ ಮಗ್ಗಗಳಲ್ಲಿ ಹುಟ್ಟುತ್ತಿದ್ದುದು ‘ರಿಯಲ್ ಮದ್ರಾಸ್ ಹ್ಯಾಂಡ್‌ಕರ್ಚೀಫ್’. ಹೆಸರು ಕೇಳಿ ಜೇಬಿನ ಕರವಸ್ತ್ರ ಎಂದುಕೊಳ್ಳಬಾರದು. ಗಜ ಅಗಲದ ಚೌಕಗಳಾಗಿ ಕತ್ತರಿಸಬಹುದಾದ, ಗಾಢ ಬಣ್ಣದ ಚೌಕಳಿ ಬಟ್ಟೆ ಅದು. ಕೊಳ್ಳುವವರು ಇದ್ದದ್ದು ಪಶ್ಚಿಮ ಆಫ್ರಿಕದಲ್ಲಿ, ಅದರಲ್ಲೂ ನೈಜೀರಿಯಾದಲ್ಲಿ. ನೈಜರ್ ನದಿಯ ಮುಖಜ ಭೂಮಿಯ ಕಲಬಾರಿ ಜನರಿಗೆ ಈ ಬಟ್ಟೆ ಇಲ್ಲದೆ ಹುಟ್ಟೂ ಇಲ್ಲ, ಸಾವೂ ಇಲ್ಲ. ಅವರ ಹೆಂಗಸರು ಮದ್ರಾಸಿನ ಬಟ್ಟೆಯನ್ನು ಕೊಂಡು ಹಾಗೇ ಉಡುವುದಿಲ್ಲ. ಬ್ಲೇಡು ಹಿಡಿದು ಆರಿಸಿದ ಎಳೆಗಳನ್ನು ಅಲ್ಲಲ್ಲಿ ಕತ್ತರಿಸಿ, ಒಂದೊಂದಾಗಿ ಎಳೆದು ತೆಗೆದು, ಉಳಿದ ಎಳೆಗಳಲ್ಲೇ ಹೊಸ ವಿನ್ಯಾಸ ಮೂಡಿಸುತ್ತಾರೆ. ಅದಕ್ಕೆ ಅವರು ‘ಪೆಲೆಟೆ ಬಿಟೆ’ ಎನ್ನುತ್ತಾರೆ. ಅನಕಾಪುತ್ತೂರಿನ ನೇಕಾರ ಹಾಕಿದ ಎಳೆಯನ್ನು ಸಮುದ್ರದಾಚೆಯ ಹೆಣ್ಣುಮಗಳು ತೆಗೆಯುತ್ತಾಳೆ, ಬಟ್ಟೆ ಪೂರ್ತಿಯಾಗುವುದು ಆಗಲೇ. ಒಬ್ಬರನ್ನೊಬ್ಬರು ಕಂಡೇ ಇಲ್ಲದವರು ಕೂಡಿ ಮಾಡಿದ ಇಂಥ ಕೆಲಸ ಜಗತ್ತಿನಲ್ಲಿ ಬೇರೆ ಎಷ್ಟಿದ್ದೀತು?

ನೈಜೀರಿಯಾದ ಮಾರುಕಟ್ಟೆ ಮುಚ್ಚುತ್ತಾ ಬಂದಂತೆ ಅನಕಾಪುತ್ತೂರಿನ ಮಗ್ಗಗಳೂ ಒಂದೊಂದಾಗಿ ನಿಂತವು. ನೇಕಾರರ ಮಕ್ಕಳು ಪಲ್ಲಾವರಂನ ಕಾರ್ಖಾನೆಗಳಿಗೂ ಕಚೇರಿಗಳಿಗೂ ನಡೆದರು. ಆಗ ಊರಿನ ನೇಕಾರ ಸಿ. ಶೇಖರ್ ಹಿಡಿದದ್ದು ಬಾಳೆ ದಿಂಡನ್ನು. ಬಾಳೆ, ಸೆಣಬು, ಅನಾನಸು, ಬಿದಿರು, ಲೋಳೆಸರ ಹೀಗೆ 25 ಬಗೆಯ ಸಸ್ಯನಾರುಗಳನ್ನು ಸೇರಿಸಿ ನೇಯ್ದ ಸೀರೆಯಿಂದ 2011ರಲ್ಲಿ ಲಿಮ್ಕಾ ದಾಖಲೆಯ ಪುಸ್ತಕ ಸೇರಿದರು. ದಾಖಲೆಗಿಂತ ದೊಡ್ಡ ಸಂಗತಿ ಬೇರೆ ಇದೆ. ದಿಂಡು ಸೀಳಿ, ನಾರು ಸುಲಿದು, ಒಣಗಿಸಿ, ಎಳೆಗೆ ಎಳೆ ಗಂಟು ಹಾಕುವ ಈ ಕೆಲಸಕ್ಕೆ ಬಹಳ ಕೈಗಳು ಬೇಕು. ಸ್ವಸಹಾಯ ಸಂಘಗಳ ಹೆಂಗಸರು ಅದಕ್ಕೆ ಬಂದರು. ಅವರಲ್ಲಿ ಎಲ್ಲರೂ ನೇಕಾರರ ಮನೆಯವರೇ ಆಗಬೇಕೆಂಬ ಕಟ್ಟುಪಾಡು ಇರಲಿಲ್ಲ.

ಅಲ್ಲಿಂದ ಪೂರ್ವಕ್ಕೆ, ಸಮುದ್ರದ ಕಡೆಗೆ ತಿರುಗಿದರೆ ತಿರುವಾನ್ಮಿಯೂರಿನ ಕಲಾಕ್ಷೇತ್ರ. 1936ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಕಟ್ಟಿದ ಈ ಸಂಸ್ಥೆಯನ್ನು ಜನ ಭರತನಾಟ್ಯಕ್ಕೆ ನೆನೆಯುತ್ತಾರೆ. ಮರುವರ್ಷವೇ ಅಲ್ಲಿ ನೇಯ್ಗೆ ಕೇಂದ್ರ ಶುರುವಾಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಕುಣಿಯುವವರಿಗೆ ಉಡಲು ತಕ್ಕ ಸೀರೆ ಬೇಕಿತ್ತು, ಅಜ್ಜಿಯರ ಪೆಟ್ಟಿಗೆಯಲ್ಲಿದ್ದ ಹಳೆಯ ಸೀರೆಗಳ ಬಣ್ಣ, ಅಂಚು, ಬುಟ್ಟಾಗಳನ್ನು ಮತ್ತೆ ಮಗ್ಗಕ್ಕೆ ತರಬೇಕಿತ್ತು. ಈ ಕೆಲಸದ ಬೆನ್ನಿಗಿದ್ದವರಲ್ಲಿ ಒಬ್ಬರು ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1964ರಲ್ಲಿ ಅವರೇ ಹುಟ್ಟುಹಾಕಿದ ಭಾರತೀಯ ಕರಕುಶಲ ಪರಿಷತ್ತಿನ ಮುಖ್ಯ ಕಚೇರಿಯೂ ಚೆನ್ನೈನಲ್ಲೇ ಇದೆ. ದೇಶದ ಕರಕುಶಲ ಮಂಡಳಿಯನ್ನು ವರ್ಷಗಟ್ಟಲೆ ನಡೆಸಿದ ಈ ಹೆಣ್ಣುಮಗಳ ಹೆಸರು ಕರಾವಳಿಯಲ್ಲಿ ಕೇಳಿಬರುವುದಕ್ಕಿಂತ ಹೆಚ್ಚು ಚೆನ್ನೈನಲ್ಲಿ ಕೇಳಿಬರುತ್ತದೆ. ಇದನ್ನು ನಾವು ಯೋಚಿಸಬೇಕು.

ಕಾಂಚೀಪುರಂ ಬಗೆಯ ‘ಕೋರ್ವೈ’ ಸೀರೆ ನೇಯುವುದನ್ನು ಹತ್ತಿರದಿಂದ ನೋಡಿದವರಿಗೆ ಒಂದು ವಿಷಯ ತಟ್ಟನೆ ಹೊಳೆಯುತ್ತದೆ. ಅದು ಒಬ್ಬರ ಕೆಲಸವೇ ಅಲ್ಲ. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು. ಒಡಲಿನ ಹೊಕ್ಕಿನೆಳೆ ಅಂಚಿನ ಎಳೆಯನ್ನು ಗಡಿಯಲ್ಲಿ ಕೊಕ್ಕೆ ಹಾಕಿ ಹಿಡಿದು ಹಿಂದಕ್ಕೆ ಮರಳಬೇಕು. ಹಾಗಾದರೆ ಮಾತ್ರ ಮಾವಿನೆಲೆ ಹಸಿರಿನ ಪಕ್ಕ ಕುಂಕುಮದ ಕೆಂಪು ಗೆರೆ ಎಳೆದಂತೆ ನಿಲ್ಲುತ್ತದೆ. ನೇಕಾರನ ಎರಡು ಕೈಗೆ ಇದು ನಿಲುಕುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿಯನ್ನು ದಾಟಿಸುತ್ತಲೇ ಇರಬೇಕು. ಹಿಂದೆ ಆ ಜಾಗದಲ್ಲಿ ಹೆಚ್ಚಾಗಿ ಮಕ್ಕಳೇ ಕೂರುತ್ತಿದ್ದರು. ತಂದೆತಾಯಿ ತಂದ ಸಾಲಕ್ಕೆ ಒತ್ತೆಯಾಗಿ ಕೂತವರೂ ಇದ್ದರು. ಮದುವೆ ಸೀರೆಯ ಅಂಚನ್ನು ಹೊಗಳುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ಆ ಸೀರೆಗೆ ಬೇಕಾದ ರೇಷ್ಮೆ ಬಹುಪಾಲು ಕರ್ನಾಟಕದಿಂದ ಹೋದದ್ದು ಎಂಬುದು ಮಾತ್ರ ನಮಗೆ ಚೆನ್ನಾಗಿ ನೆನಪಿರುತ್ತದೆ.

ಹಾಗೆ ನೋಡಿದರೆ, ಎಲ್ಲರನ್ನೂ ನೂಲಿನ ಕೆಲಸಕ್ಕೆ ಕರೆದ ಅತಿ ದೊಡ್ಡ ಪ್ರಯತ್ನ ನಡೆದದ್ದು ಚೆನ್ನೈನಲ್ಲಲ್ಲ, ನಮ್ಮ ಬೆಳಗಾವಿಯಲ್ಲಿ. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಅಲ್ಲಿ ಕೂಡಿತು. ಸದಸ್ಯರಾಗಬೇಕೆಂದರೆ ತಿಂಗಳಿಗೆ 2,000 ಗಜ ನೂಲು ನೂತು ಕೊಡಬೇಕು ಎಂದು ತೀರ್ಮಾನವಾಯಿತು. ವಕೀಲರಿರಲಿ, ಜಮೀನುದಾರರಿರಲಿ, ಯಾರಿಗೂ ವಿನಾಯಿತಿ ಇಲ್ಲ. ಆದರೆ ಅದೇ ನಿಯಮದಲ್ಲಿ ಒಂದು ಸಣ್ಣ ಕಿಂಡಿಯನ್ನೂ ಬಿಟ್ಟಿದ್ದರು: ಕಾಯಿಲೆಯಾದರೆ, ಮನಸ್ಸಿಲ್ಲದಿದ್ದರೆ, ಬೇರೆಯವರು ನೂತ ಅಷ್ಟೇ ನೂಲನ್ನು ತಂದು ಕೊಡಬಹುದು! ದೊಡ್ಡ ಮನುಷ್ಯರಿಗೆ ಇನ್ನೇನು ಬೇಕು. ವರ್ಷ ತುಂಬುವುದರೊಳಗೆ ನಿಯಮ ಸಡಿಲವಾಗಿ, ನಾಲ್ಕಾಣೆ ಕೊಟ್ಟರೂ ಆದೀತು ಎಂಬಲ್ಲಿಗೆ ಬಂತು.

ಮತ್ತೆ ಚೆನ್ನೈಗೆ ಬಂದು ಪೂರ್ವ ಕರಾವಳಿ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗುವಾಗ ಇಂಜಂಬಾಕ್ಕಂನಲ್ಲಿ ಚೋಳಮಂಡಲ ಕಲಾಗ್ರಾಮ ಸಿಗುತ್ತದೆ. 1966ರಲ್ಲಿ ಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಬಾಟಿಕ್ ಮುಂತಾದ ಕರಕುಶಲ ವಸ್ತುಗಳನ್ನು ಮಾರಿ ಕೂಡಿಸಿದ ಹಣದಿಂದ ಕಟ್ಟಿಕೊಂಡ ಊರಿದು. ಮೈಸೂರಿನ ಎಸ್.ಜಿ. ವಾಸುದೇವ್ ಆ ಮೊದಲಿಗರಲ್ಲಿ ಒಬ್ಬರು. ಮುಂದೆ ಬೆಂಗಳೂರಿಗೆ ಮರಳಿದ ಅವರು ನೇಕಾರ ಸುಬ್ಬರಾಯಲು ಅವರ ಜೊತೆ ಸೇರಿ ತಮ್ಮ ಚಿತ್ರಗಳನ್ನು ರೇಷ್ಮೆಯ ನೇಯ್ಗೆಗೆ ಇಳಿಸಿದರು. ಆ ಪ್ರದರ್ಶನಗಳಲ್ಲಿ ನೇಕಾರನ ಹೆಸರೂ ಕಲಾವಿದನ ಹೆಸರಿನ ಜೊತೆಗೇ ಬರುತ್ತದೆ. ಬರಬೇಕಾದದ್ದೇ, ಆದರೆ ನಮ್ಮಲ್ಲಿ ಅಷ್ಟೂ ಅಪರೂಪ.

ಇನ್ನಷ್ಟು ಮುಂದೆ, ಮುತ್ತುಕಾಡಿನಲ್ಲಿ ದಕ್ಷಿಣಚಿತ್ರ ವಸ್ತುಸಂಗ್ರಹಾಲಯ. ಡೆಬೋರಾ ತ್ಯಾಗರಾಜನ್ 1984ರಲ್ಲಿ ಆರಂಭಿಸಿದ ಮದ್ರಾಸ್ ಕ್ರಾಫ್ಟ್ ಫೌಂಡೇಶನ್ ಇದನ್ನು 1996ರ ಡಿಸೆಂಬರ್‌ನಲ್ಲಿ ಜನರಿಗೆ ತೆರೆಯಿತು. ವಿನ್ಯಾಸದ ಹಿಂದೆ ವಾಸ್ತುಶಿಲ್ಪಿ ಲಾರಿ ಬೇಕರ್ ಇದ್ದರು. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಎಬ್ಬಿಸಿದ್ದಾರೆ. ಚೆಟ್ಟಿನಾಡಿನ ವರ್ತಕರ ಮನೆಯಿದೆ, ಕೇರಳದ ಸಿರಿಯನ್ ಕ್ರಿಶ್ಚಿಯನ್ನರ ಮರದ ಮನೆಯಿದೆ, ಚಂಡಮಾರುತಕ್ಕೆ ಮೈಯೊಡ್ಡಿ ನಿಲ್ಲುವ ಆಂಧ್ರ ಕರಾವಳಿಯ ದುಂಡು ಮನೆಯಿದೆ. ಕರ್ನಾಟಕದ ಪಾಲಿಗೆ ಚಿಕ್ಕಮಗಳೂರಿನ ಮುಸ್ಲಿಂ ಕುಟುಂಬವೊಂದರ ಮನೆ, ಮತ್ತು ಇಳಕಲ್ಲಿನ ನೇಕಾರರ ಮನೆ. (ಮಂಗಳವಾರ ರಜೆ ಎಂಬುದನ್ನು ಹೊರಡುವ ಮುನ್ನ ನೆನಪಿಟ್ಟುಕೊಳ್ಳುವುದು ಒಳ್ಳೆಯದು.)

ಸಮುದ್ರದ ಉಪ್ಪುಗಾಳಿಯಲ್ಲಿ ಬಾಗಲಕೋಟೆ ಸೀಮೆಯ ಕಲ್ಲಿನ ಮನೆ ನೋಡಿದರೆ ಬಿಸಿಲೂರಿನ ನೆಂಟರೊಬ್ಬರು ಬೀಚಿಗೆ ಬಂದು ಏನು ಮಾಡುವುದೆಂದು ತಿಳಿಯದೆ ನಿಂತಂತಿದೆ. ಒಳಗೆ ತಂಪು. ನೆಲದಲ್ಲಿ ತೋಡಿದ ಗುಂಡಿಮಗ್ಗ. ನೇಕಾರ ಗುಂಡಿಯೊಳಗೆ ಕಾಲಿಳಿಬಿಟ್ಟು ನೆಲದ ಮಟ್ಟದಲ್ಲೇ ಕೂರುತ್ತಾನೆ. ನೆಲದ ತೇವದಿಂದ ಎಳೆ ಬೇಗ ಹರಿಯುವುದಿಲ್ಲ ಎಂಬುದು ಇದರ ಲೆಕ್ಕಾಚಾರ. ಇಳಕಲ್ ಸೀರೆಯ ಗುಟ್ಟು ಇರುವುದು ಸೆರಗು ಒಡಲನ್ನು ಸೇರುವ ಜಾಗದಲ್ಲಿ. ಒಡಲಿನ ಹಾಸು ಹತ್ತಿಯದಾದರೂ ಸೆರಗಿನದು ರೇಷ್ಮೆ. ಎರಡು ಬೇರೆ ಹಾಸುಗಳನ್ನು, ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ, ಎಳೆಯಿಂದ ಎಳೆಗೆ ಕೂಡಿಸಬೇಕು. ಇದೇ ‘ಕೊಂಡಿ’. ಹೀಗೆ ಕೂಡಿಸುವುದರಿಂದ ಹಾಸನ್ನು ಒಂದೇ ಸೀರೆಯ ಉದ್ದಕ್ಕೆ ಹಾಕಬೇಕಾಗುತ್ತದೆ, ಒಟ್ಟಿಗೆ ಮೂರು ನಾಲ್ಕು ಸೀರೆಗೆ ಹಾಸು ಬಿಟ್ಟು ಕೈ ತೊಳೆದುಕೊಳ್ಳಲು ಆಗದು. ಕೆಂಪು ಸೆರಗಿನ ಮೇಲೆ ಬಿಳಿಯ ತೋಪುತೆನೆ, ಕೋಟೆಯ ತೆನೆ, ಹಣಿಗೆ ಹಲ್ಲು ಮೂಡುವುದು ಇಷ್ಟೆಲ್ಲ ಆದ ಮೇಲೆ. ಈ ಸೀರೆ ನೇಯುವವರು ಒಂದೇ ಜಾತಿಯವರೂ ಅಲ್ಲ. ಇಳಕಲ್ಲಿನಲ್ಲಿ ದೇವಾಂಗ, ಕುರುಹಿನಶೆಟ್ಟಿ, ಪದ್ಮಸಾಲಿ, ಸ್ವಕುಳಸಾಳಿ ಸಮುದಾಯಗಳ ಜೊತೆ ಮುಸ್ಲಿಮರೂ ಮಗ್ಗದ ಗುಂಡಿಗೆ ಇಳಿದಿದ್ದಾರೆ. ಎಲ್ಲ ಹಿನ್ನೆಲೆಯವರನ್ನೂ ಕರೆದದ್ದು ಯಾವ ಯೋಜನೆಯೂ ಅಲ್ಲ, ಹೊಟ್ಟೆಪಾಡು.

ದಕ್ಷಿಣಚಿತ್ರಕ್ಕೆ ಬರುವ ಶಾಲಾ ಮಕ್ಕಳಿಗೆ ಕಲ್ಲು, ಮರ, ತೆನೆಗಳ ವಿವರ ಬೇಡ. ಕೈ ಹಾಕಲು ಬಿಟ್ಟರೆ ಸಾಕು. ಕುಂಬಾರನ ತಿರುಗಣೆಯ ಮೇಲಿನ ಮಣ್ಣಿರಲಿ, ಓಲೆಗರಿಯಲ್ಲಿ ಹೆಣೆಯುವ ಗಿಳಿಯಿರಲಿ, ಮುಟ್ಟಿ ಮಾಡಿದ ಮಗುವಿನ ಮುಖವೇ ಬೇರೆಯಾಗುತ್ತದೆ. ಹಾಗಂತ ಒಂದು ಮಧ್ಯಾಹ್ನದಲ್ಲಿ ಯಾರೂ ನೇಕಾರರಾಗುವುದಿಲ್ಲ. ಇದನ್ನು ಆಡಿಕೊಳ್ಳುವುದು ಸುಲಭ. ಆದರೆ ಲಾಳಿ ಒಮ್ಮೆ ಎಸೆದು, ಅದು ನೆಲಕ್ಕೆ ಬಿದ್ದು, ಎಳೆ ಹರಿದು ಪೇಚಾಡಿದವರು ಮುಂದೆ ಅಂಗಡಿಯಲ್ಲಿ ಕೈಮಗ್ಗದ ಬೆಲೆಗೆ ಹುಬ್ಬೇರಿಸುವಾಗ ಒಂದು ಗಳಿಗೆ ತಡೆದಾರು.

ಎಲ್ಲರನ್ನೂ ಮಗ್ಗಕ್ಕೆ ಕರೆಯುವುದು ಚೆನ್ನೈಗಷ್ಟೇ ಸೀಮಿತವಲ್ಲ. ಜಪಾನಿನ ಒಸಾಕಾದಲ್ಲಿ ಮಿಸಾವೊ ಜೋ ಎಂಬ ಗೃಹಿಣಿ 57ನೇ ವಯಸ್ಸಿನಲ್ಲಿ ಮನೆಯಲ್ಲೇ ಮಗ್ಗ ಹೂಡಿದರು. ನೇಯ್ದ ನಡುಪಟ್ಟಿಯಲ್ಲಿ ಹಾಸಿನ ಒಂದೆಳೆ ತಪ್ಪಿತ್ತು. ಅಂಗಡಿಯವರು ಅದನ್ನು ಕೆಟ್ಟ ಮಾಲು ಎಂದರು. ಆಕೆಗೆ ಆ ಬಿಟ್ಟುಹೋದ ಎಳೆಯೇ ಚೆಂದ ಕಂಡಿತು. ಬೇಕೆಂದೇ ಎಳೆ ಬಿಟ್ಟು ನೇಯತೊಡಗಿದರು. 1960ರ ದಶಕದ ಕೊನೆಯಲ್ಲಿ ಹೀಗೆ ಹುಟ್ಟಿದ ‘ಸಾಓರಿ’ ಪದ್ಧತಿಯಲ್ಲಿ ತಪ್ಪು ಎಂಬುದೇ ಇಲ್ಲ. ಅಂಗವಿಕಲರು, ವೃದ್ಧರು, ಮಕ್ಕಳು ಯಾರು ಬೇಕಾದರೂ ಕೂತು ನೇಯಬಹುದು, ಇವತ್ತು ಎಷ್ಟೋ ದೇಶಗಳಲ್ಲಿ ನೇಯುತ್ತಲೂ ಇದ್ದಾರೆ. ಅದು ಒಳ್ಳೆಯ ಮಾತೇ. ಆದರೆ ಇಳಕಲ್ಲಿನಲ್ಲೋ ಕಾಂಚೀಪುರದಲ್ಲೋ ಸೇಠು ಕೊಟ್ಟ ನೂಲಿಗೆ ಕೂಲಿ ನೇಯುವವರ ಬಟ್ಟೆಯಲ್ಲಿ ಒಂದೆಳೆ ತಪ್ಪಿದರೆ ಅದನ್ನು ಯಾರೂ ಕಲೆ ಎನ್ನುವುದಿಲ್ಲ. ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ.

ಕರೆಯುವುದರ ಜೊತೆಗೆ ಕೂಲಿಯ ಲೆಕ್ಕವನ್ನೂ ಮಾಡಿದವರು ನಮ್ಮಲ್ಲೇ ಇದ್ದಾರೆ. 1990ರ ದಶಕದಲ್ಲಿ ರಂಗ ನಿರ್ದೇಶಕ ಪ್ರಸನ್ನ ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘಕ್ಕೆ ನಾಂದಿ ಹಾಡಿದಾಗ ಆ ಮಲೆನಾಡಿನ ಹಳ್ಳಿಗೆ ನೇಯ್ಗೆಯ ಗಂಧವೇ ಇರಲಿಲ್ಲ. ಕೂಲಿಗೆ ಹೋಗುತ್ತಿದ್ದ, ಅಡಿಕೆ ಸುಲಿಯುತ್ತಿದ್ದ ಮನೆಗಳ ಹೆಣ್ಣುಮಕ್ಕಳು ಮಗ್ಗ ಕಲಿತರು. ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ನೂಲಿಗೆ ಬಣ್ಣ ಕೊಟ್ಟರು. ಅವರ ಬಟ್ಟೆ ಮಾರುವ ‘ದೇಸಿ’ ಅಂಗಡಿಗಳ ಜುಬ್ಬಾ ಊರೂರಿಗೆ ಹೋಯಿತು. 2017ರಲ್ಲಿ ಕೈಯಿಂದ ಮಾಡಿದ ವಸ್ತುಗಳಿಗೆ ಜಿಎಸ್‌ಟಿ ಬೇಡವೆಂದು ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. 2020ರಲ್ಲಿ, ಕೋವಿಡ್‌ನ ನಡುವೆ, ಮಾರಾಟವಾಗದ ಬಟ್ಟೆ ರಾಶಿ ಬಿದ್ದಾಗ ದಿವಾಳಿಯಾಗಿದ್ದೇವೆ ಎಂದು ಸಂಸ್ಥೆ ತಾನೇ ಹೇಳಿಕೊಂಡಿತು. ನೇಯಲು ಬರುವವರು ಸಿಕ್ಕಿದ್ದರು, ಕೊಳ್ಳುವವರು ಸಿಗಬೇಕಿತ್ತು.

ಸ್ವದೇಶಿ ಚಳವಳಿ ಶುರುವಾದ 1905ರ ಆಗಸ್ಟ್ 7ರ ನೆನಪಿಗೆ ಆಚರಿಸುವ ರಾಷ್ಟ್ರೀಯ ಕೈಮಗ್ಗ ದಿನವನ್ನು ಪ್ರಧಾನಿ ಮೊದಲ ಬಾರಿಗೆ ಉದ್ಘಾಟಿಸಿದ್ದು 2015ರಲ್ಲಿ, ಚೆನ್ನೈನಲ್ಲೇ, ಮದ್ರಾಸ್ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. ಅದಾದ ಐದು ವರ್ಷಕ್ಕೆ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ಕೇಂದ್ರ ಸರ್ಕಾರವೇ ರದ್ದು ಮಾಡಿತು. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಈ ಕಸುಬಿನಲ್ಲಿರುವವರು 35.22 ಲಕ್ಷ, ಅವರಲ್ಲಿ ಶೇ 72ರಷ್ಟು ಹೆಂಗಸರು. ಅದೇ ಗಣತಿಯ ಹೊತ್ತಿಗೆ ನೇಕಾರ ಕುಟುಂಬಗಳಲ್ಲಿ ಮೂರಕ್ಕೆ ಎರಡರಷ್ಟು ತಿಂಗಳಿಗೆ 5,000 ರೂಪಾಯಿಯೂ ದುಡಿಯುತ್ತಿರಲಿಲ್ಲ. ಮುತ್ತುಕಾಡಿನಲ್ಲಿ ಮಕ್ಕಳು ಮಗ್ಗದ ಸುತ್ತ ಮುತ್ತಿಕೊಂಡಿರುವಾಗ ಇಳಕಲ್ಲಿನ ಹುಡುಗ ಗ್ರಾನೈಟ್ ಕ್ವಾರಿಗೋ ಬೆಂಗಳೂರಿಗೋ ಬಸ್ಸು ಹತ್ತುವುದು ಈ ಲೆಕ್ಕದಿಂದ.

ಊರಿಗೆ ಮರಳುವ ಮುನ್ನ ಎಗ್ಮೋರಿನ ಪ್ಯಾಂಥಿಯನ್ ರಸ್ತೆಯ ಕೋ-ಆಪ್‌ಟೆಕ್ಸ್ ಮಳಿಗೆಗೆ ಹೋಗಿ ಬರಬಹುದು. 1935ರಲ್ಲಿ ಶುರುವಾದ ತಮಿಳುನಾಡು ನೇಕಾರರ ಸಹಕಾರ ಸಂಘದ್ದು. ದಕ್ಷಿಣ ಆಫ್ರಿಕದ ಸತ್ಯಾಗ್ರಹದಲ್ಲಿ ಜೀವ ತೆತ್ತ ತಿಲ್ಲೈಯಾಡಿ ವಳ್ಳಿಯಮ್ಮೈ ಹೆಸರು ಆ ಕಟ್ಟಡಕ್ಕಿದೆ. ಅಲ್ಲಿ ಕೆಲವು ಸೀರೆಗಳ ಜೊತೆ ಒಂದು ಚೀಟಿ ಬರುತ್ತದೆ, ನೇಯ್ದವರ ಹೆಸರು ಮತ್ತು ಫೋಟೊ ಸಮೇತ. ಚಿಂತಾದ್ರಿಪೇಟೆಯ ಕಂಪನಿ ದಫ್ತರದಲ್ಲಿ ಇಲ್ಲದ್ದು, ಯೇಲ್‌ಗೆ ಹೋದ ಗಂಟಿನಲ್ಲಿ ಇಲ್ಲದ್ದು. ಗಿರಾಕಿಗಳಲ್ಲಿ ಕೆಲವರು ಚೀಟಿಯನ್ನು ತಿರುಗಿಸಿ ನೋಡಿ, ಓದಿ, ಜೋಪಾನವಾಗಿ ಸೀರೆಯ ಮಡಿಕೆಗೆ ಸೇರಿಸುತ್ತಾರೆ. ಉಳಿದವರು ಮೊದಲು ಬೆಲೆಯ ಪಟ್ಟಿ ನೋಡಿ, ಆಮೇಲೆ ಕೌಂಟರಿನ ಕಡೆ ತಿರುಗಿ ಕೇಳುವುದು ಒಂದೇ ಪ್ರಶ್ನೆ, ರಿಬೇಟ್ ಎಷ್ಟು?